ಬೆನ್ನು ತೋರಿಸಿದವರು

ವಿಗ್ ಹೆಣೆಯುವ ಆ ಅಂಗಡಿಗೆ ಬೋರ್ಡೇ ಇರಲಿಲ್ಲ. ಮೊದಲ ಮಹಡಿ, ಕಿಟಕಿಗೆ ಹಾಲುಬಣ್ಣದ ಗಾಜು. ಮೆಟ್ಟಿಲು ಹತ್ತುವವರನ್ನು ಯಾರಾದರೂ ಕಂಡರೂ ಎದುರು ಬಾಗಿಲಿನ ಹಲ್ಲಿನ ಡಾಕ್ಟರ ಹತ್ತಿರ ಹೊರಟಿದ್ದಾರೆ ಅಂದುಕೊಳ್ಳಲಿ ಅಂತಲೇ ಅಮ್ಮ ಆ ಜಾಗ ಹಿಡಿದದ್ದು. ಈಗ ಅಮ್ಮನ ಕಣ್ಣು ಮಂಜಾಗಿ, ಕೂದಲನ್ನು ಉದ್ದ ನೋಡಿ ಬೇರೆ ಬೇರೆ ಕಟ್ಟು ಕಟ್ಟುವುದಷ್ಟೇ ಉಳಿದಿತ್ತು. ಜಾಲರಿಯ ಮೇಲೆ ಒಂದೊಂದೇ ಎಳೆ ಗಂಟು ಹಾಕುವ ಕೆಲಸ ಮಗಳ ಪಾಲಿಗೆ ಬಂದಿತ್ತು.

ಬಾಯಿಂದ ಬಾಯಿಗೆ ಸುದ್ದಿ ಹರಡಿ ಬೆಳೆಯುವ ವ್ಯಾಪಾರ ಅದಲ್ಲ. ವಿಗ್ ಹಾಕಿಕೊಂಡವರು ಎಲ್ಲಿ ಮಾಡಿಸಿದ್ದು ಅಂತ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಹಳೆಯ ಗಿರಾಕಿಗಳು ಕರಗುತ್ತ ಬಂದಾಗ ಮಗಳು ಒಬ್ಬ ವೆಬ್‌ಸೈಟ್ ಡಿಸೈನರನನ್ನು ಗೊತ್ತು ಮಾಡಿದಳು. ಒಪ್ಪಂದಕ್ಕೆ ಸಹಿ ಹಾಕಿದಲ್ಲಿಗೆ ತನ್ನ ಕೆಲಸ ಮುಗಿಯಿತು ಅಂದುಕೊಂಡಳು.

“ಅರ್ಧ ಕೆಲಸ ನಿಮ್ಮದೇ ಮೇಡಂ,” ಅಂದ ಡಿಸೈನರ್. “ಪುಟ ನಾನು ಕಟ್ತೀನಿ. ಒಳಗೆ ಹಾಕೋದು ನೀವೇ ಕೊಡಬೇಕು. ನಿಮ್ಮ ವಿಗ್ ಹಾಕ್ಕೊಂಡಿರೋರ ಫೋಟೊ ಬೇಕು. ಅದಿಲ್ದೆ ಯಾರೂ ನಂಬಲ್ಲ.”

“ಅವರು ಒಪ್ಪಲ್ಲ.”

“ಕೇಳಿ ನೋಡಿದ್ರಾ?”

ಕೇಳಿರಲಿಲ್ಲ. ಕೇಳಿದಳು. ಬ್ಯಾಂಕಿನ ಅಧಿಕಾರಿಯೊಬ್ಬರು, ಬೇಕಾದರೆ ಇನ್ನೊಂದು ವಿಗ್ ಮಾಡಿಸಿಕೊಳ್ಳುತ್ತೇನೆ, ಫೋಟೊ ಮಾತ್ರ ಬೇಡ ಅಂದರು. ಹೊಸದಾಗಿ ಮದುವೆಯಾದವನೊಬ್ಬ, “ಹೆಂಡತಿ ಪಕ್ಕದಲ್ಲೇ ಇದ್ದಾಳೆ, ಆಮೇಲೆ ಮಾಡ್ತೀನಿ” ಅಂತ ಪಿಸುಗುಟ್ಟಿ ಫೋನಿಟ್ಟವನು ಮತ್ತೆ ಸಿಗಲೇ ಇಲ್ಲ. ಉಳಿದವರು ನಯವಾಗಿಯೇ ಜಾರಿಕೊಂಡರು.

ಕಾದು ಕಾದು ಬೇಸತ್ತ ಡಿಸೈನರ್, ಎಲ್ಲಿಂದಲೋ ಕೊಂಡ ಫೋಟೊಗಳನ್ನು ಹಾಕಿ ಒಂದು ಮಾದರಿ ಕಳಿಸಿದ. ಗಾಳಿಗೆ ಜಡೆ ಹಾರಿಸುತ್ತ ನಗುವ ಹುಡುಗಿಯರು. ಅಮ್ಮ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿ, “ಇವರಿಗೆ ವಿಗ್ ಯಾಕೆ? ಇವರ ಕೂದಲನ್ನೇ ನಮಗೆ ಮಾರಲಿ,” ಅಂದರು.

ಮಗಳಿಗೂ ಅದು ಸರಿಬರಲಿಲ್ಲ. ತಾನು ಹೆಣೆಯದ ಕೂದಲನ್ನು ತನ್ನದು ಅನ್ನುವುದು ಹೇಗೆ? ಬೇಡ ಅಂತ ತಿಳಿಸಿದಳು.

“ಹಾಗಾದ್ರೆ ಏನು ಬೇಕು ಅಂತ ನೀವೇ ಹೇಳಿ ಮೇಡಂ. ಅಲ್ಲೀವರೆಗೆ ನನ್ನ ಕೈ ಕಟ್ಟಿದ ಹಾಗೆ,” ಅಂದ ಅವನು. ಕೆಲಸ ಅಲ್ಲಿಗೇ ನಿಂತಿತು.

ಭೂಗೋಳದ ನಿವೃತ್ತ ಟೀಚರೊಬ್ಬರು ವಿಗ್ ತೊಳೆಸಲು ಬಂದದ್ದು ಆ ದಿನಗಳಲ್ಲೇ. ಅಮ್ಮನ ಕಾಲದಿಂದಲೂ ಬರುತ್ತಿದ್ದವರು. ಎಲ್ಲ ಕೇಳಿಸಿಕೊಂಡು, “ಮುಖ ಬೇಡ ಅಂದ್ರೆ ಹಿಂದಿನಿಂದ ತೆಗಿಯಮ್ಮ. ನನ್ನ ಬೆನ್ನು ನೋಡಿ ಯಾರಿಗೆ ಏನು ಗೊತ್ತಾಗುತ್ತೆ?” ಅಂದರು.

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ ಫೋಟೊ ತೆಗೆದಳು. ಹಾಲುಗಾಜಿನ ಬೆಳಕು, ಸೀರೆಯ ಅಂಚು, ಸ್ವಲ್ಪ ಎಡಕ್ಕೆ ವಾಲಿದ ಕುತ್ತಿಗೆ, ಅದರ ಮೇಲೆ ಸಣ್ಣ ತುರುಬು. ಗಿರಾಕಿಗಳು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದಾಗಲೆಲ್ಲ ಅವಳು ನಿಂತಿರುತ್ತಿದ್ದುದು ಅವರ ಹಿಂದೆಯೇ. ಅವಳ ಕಣ್ಣಿಗೆ ಗಿರಾಕಿ ಅಂದರೆ ಇಷ್ಟೇ.

ಬೆನ್ನು ಮಾತ್ರ ಅಂದದ್ದೇ ತಡ, ಬೇಡ ಅಂದವರೂ ಬಂದರು. ಕಾಲರ್ ಬಿಟ್ಟರೆ ಏನೂ ಕಾಣದಿದ್ದರೂ ಬ್ಯಾಂಕಿನವರು ಹೊಸ ಅಂಗಿ ತೊಟ್ಟು ಬಂದಿದ್ದರು. ಒಂದೂ ಮುಖವಿಲ್ಲದ ಪುಟವನ್ನು ಡಿಸೈನರ್ ಗೊಣಗುತ್ತಲೇ ಕಟ್ಟಿದ. ಮುಗಿಸಿದ ಮೇಲೆ, ಚೆನ್ನಾಗಿ ಬಂದಿದೆ ಅಂತ ಅವನೇ ಒಪ್ಪಿಕೊಂಡ.

ಸೈಟ್ ಶುರುವಾಗಿ ಸ್ವಲ್ಪ ದಿನಕ್ಕೆ ಟೀಚರ್ ಫೋನ್ ಮಾಡಿದರು. ದನಿ ಇಳಿದಿತ್ತು.

“ನನ್ನ ಮಗಳು ನೋಡಿಬಿಟ್ಟಳು ಕಣಮ್ಮ. ಇದು ನಿನ್ನ ಕುತ್ತಿಗೆ ತಾನೆ ಅಮ್ಮಾ ಅಂತ ಕೇಳಿದಳು.”

“ಈಗಲೇ ತೆಗೆಸಿಬಿಡ್ತೀನಿ ಟೀಚರ್. ನಾನು ಹೇಳಿದ್ರೆ ಡಿಸೈನರ್ ತಕ್ಷಣ ತೆಗೀತಾರೆ.”

“ಅವಳು ಅಲ್ಲಿ ಯಾಕೆ ಹುಡುಕ್ತಿದ್ಲು ಅಂತ ಕೇಳಿದೆ,” ಅಂದರು ಟೀಚರ್. “ಅವಳಿಗೂ ಉದುರ್ತಾ ಇದೆಯಂತೆ. ಎರಡು ವರ್ಷದಿಂದ ನನ್ನ ಮುಂದೆ ತಲೆ ಮೇಲೆ ಸೆರಗು ಹೊದ್ದೇ ಓಡಾಡ್ತಿದ್ದಳು. ನಾನು ಏನೋ ಹೊಸ ಭಕ್ತಿ ಅಂದ್ಕೊಂಡಿದ್ದೆ.”

“ಫೋಟೊ?”

“ಇರಲಿ ಬಿಡು. ನಾಳೆ ಇಬ್ಬರೂ ಬರ್ತೀವಿ.”

ಮಾರನೆಯ ದಿನ ಬಂದರು. ಟೀಚರ ಮಗಳು ಕುರ್ಚಿಯಲ್ಲಿ ಕೂತು ಸೆರಗು ಸರಿಸಿದಳು. ಟೀಚರ್ ಅತ್ತ ನೋಡಲಿಲ್ಲ, ಆಮೇಲೆ ನೋಡಿದರು.

“ನನಗೆ ಯಾಕೆ ಹೇಳಲಿಲ್ಲ?” ಅಂದಳು ಮಗಳು.

“ನೀನು ಹೇಳಿದೆಯಾ?”

ಮಗಳು ತುಟಿ ಕಚ್ಚಿ ನಕ್ಕಳು. ಅವಳ ಕುತ್ತಿಗೆಯೂ ಸ್ವಲ್ಪ ಎಡಕ್ಕೇ ವಾಲುತ್ತಿತ್ತು. ಅಳತೆಪಟ್ಟಿ ಹಿಡಿದು ಹಿಂದೆ ನಿಂತಿದ್ದ ಅಂಗಡಿಯವಳು, “ನೇರ ಕೂತ್ಕೊಳ್ಳಿ,” ಅಂದು ಹಣೆಯಿಂದ ಅಳೆಯತೊಡಗಿದಳು.