ಎನಿಡ್ ಅತ್ತೆಗೆ ಬಿದ್ದ ಟೊಪ್ಪಿ

ನಮ್ಮ ಎನಿಡ್ ಅತ್ತೆಯ ಮದುವೆಗೆ ಅಡ್ಡ ಬಂದದ್ದು ಒಂದು ಪುಡ್ಡಿಂಗ್ ಎಂದರೆ ಯಾರ್ಕ್‌ಷೈರಿನ ಹೊರಗೆ ಯಾರೂ ನಂಬುವುದಿಲ್ಲ. ಅಜ್ಜಿ ಪ್ರತಿ ವರ್ಷ ಕ್ರಿಸ್‌ಮಸ್ ಪುಡ್ಡಿಂಗಿನೊಳಗೆ ಎರಡು ವಸ್ತು ಹುದುಗಿಸುತ್ತಿದ್ದಳು: ಒಂದು ಹಿತ್ತಾಳೆಯ ಉಂಗುರ, ಇನ್ನೊಂದು ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿ. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ. ಟೊಪ್ಪಿ ಸಿಕ್ಕವಳು ಹಾಗೇ ಉಳಿಯುತ್ತಾಳೆ. ಒಂಬತ್ತು ವರ್ಷ ಬಿಡದೆ ಟೊಪ್ಪಿ ಅತ್ತೆಯ ತಟ್ಟೆಗೇ ಬಿತ್ತು.

ಅತ್ತೆ ನಕ್ಕು ಸುಮ್ಮನಾಗುತ್ತಿದ್ದಳು. ಹೆದರಿದವರು ಆಕ್ರಾಯ್ಡ್. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಕ್ರಿಸ್‌ಮಸ್ ಊಟ ನಮ್ಮಲ್ಲೇ. ಚರ್ಚಿನ ಗಂಟೆ ಎಳೆಯುವ ಆ ಆರಡಿ ಮನುಷ್ಯನಿಗೆ ಅತ್ತೆಯೆಂದರೆ ಪ್ರಾಣ. ಆದರೆ ತಟ್ಟೆಯಲ್ಲಿ ಟೊಪ್ಪಿ ಟಣ್ಣೆಂದ ಕೂಡಲೇ ಹೇಳಬೇಕಾದ ಮಾತನ್ನು ನುಂಗಿಕೊಂಡು ಮನೆಗೆ ಹೊರಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹತ್ತನೆಯ ವರ್ಷ ನಾನು ಮೋಸ ಮಾಡಲು ನಿರ್ಧರಿಸಿದೆ. ನವೆಂಬರ್ ಕೊನೆಯ ಒಂದು ಭಾನುವಾರ ಪಾದ್ರಿಗಳು "ಪ್ರಭುವೇ, ನಮ್ಮ ಮನಸ್ಸುಗಳನ್ನು ಕಲಕು" ಎಂದು ಪ್ರಾರ್ಥಿಸುತ್ತಾರೆ. ಹೆಂಗಸರೆಲ್ಲ ಪುಡ್ಡಿಂಗ್ ಕಲಕುವುದು ನೆನಪಾಗಿ ಮನೆಗೆ ಓಡುತ್ತಾರೆ. ಅಜ್ಜಿಯೂ ಓಡಿಬಂದು ಒಣದ್ರಾಕ್ಷಿ, ದನದ ಕೊಬ್ಬು, ಬ್ರೆಡ್ಡಿನ ಪುಡಿ, ಜಾಯಿಕಾಯಿ, ಬ್ರಾಂದಿ ಎಲ್ಲ ಸುರಿದು ಸೌಟು ನನ್ನ ಕೈಗೆ ಕೊಟ್ಟಳು.

"ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸೇ. ಪ್ರಭು ಹುಟ್ಟಿದಾಗ ನೋಡೋಕೆ ಮೂರು ಜನ ಜ್ಞಾನಿಗಳು ಬಂದ ದಿಕ್ಕು ಅದು. ನೀನು ಅವರನ್ನ ವಾಪಸ್ ಕಳಿಸ್ತಿದೀಯ."

"ಮೊದಲು ಇದು ಬರೀ ಗಂಜಿ ಆಗಿತ್ತಂತೆ, ಹೌದಾ ಅಜ್ಜಿ?"

"ಹೂಂ, ಮಾಂಸ ಹಾಕಿದ ಗಂಜಿ. ಅದನ್ನ ಗಟ್ಟಿ ಮಾಡೋಕೆ ನಮ್ಮೋರಿಗೆ ನೂರಾರು ವರ್ಷ ಹಿಡೀತು. ನೀನಷ್ಟು ಹೊತ್ತು ತಗೋಬೇಡ, ಕೈ ಆಡಿಸು."

ನಮ್ಮ ಬೋಗುಣಿಯ ಹೊರಗೆ ಒಂದು ನೀಲಿ ಗೆರೆಯಿತ್ತು. ಅಜ್ಜಿ ಬಟ್ಟೆ ತರಲು ಹೋದಾಗ ಆ ಗೆರೆಯ ಬಲಕ್ಕೆ ಉಂಗುರ, ಎಡಕ್ಕೆ ಟೊಪ್ಪಿ ಒತ್ತಿಬಿಟ್ಟೆ. ಬಟ್ಟೆ ಕಟ್ಟಿ ಎಂಟು ಗಂಟೆ ಹಬೆಯಲ್ಲಿ ಬೇಯಿಸಿ, ಒಂದು ತಿಂಗಳು ಕಪಾಟಿನಲ್ಲಿಟ್ಟೆವು.

ಹಬ್ಬದ ಮಧ್ಯಾಹ್ನ ಅಜ್ಜಿ ಬೋಗುಣಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ ಎತ್ತಿದಳು. ಪದ್ಧತಿಯಂತೆ ಅದರ ಮೇಲೆ ಬ್ರಾಂದಿ ಸುರಿದು ಕಡ್ಡಿ ಗೀರಿದಳು. ಉರಿ ಆರುವವರೆಗೂ ಗೆರೆಯಿದ್ದ ಜಾಗದಿಂದ ನಾನು ಕಣ್ಣು ತೆಗೆಯಲಿಲ್ಲ. ಅದರ ಬಲಗಡೆಯ ತುಂಡನ್ನು ಅತ್ತೆಗೆ, ಎಡಗಡೆಯದನ್ನು ಅಜ್ಜಿಗೆ ಬಡಿಸಿದೆ.

ಅತ್ತೆಯ ತಟ್ಟೆ ಟಣ್ಣೆಂದಿತು. ಟೊಪ್ಪಿ.

ಬೋಗುಣಿ ಬೋರಲಾದರೆ ಬಲದ್ದು ಎಡಕ್ಕೆ ಹೋಗುತ್ತದೆ ಎಂದು ನನ್ನ ದಡ್ಡ ತಲೆಗೆ ಹೊಳೆದದ್ದು ಆಗ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಅಜ್ಜಿ ಬಾಯಿಂದ ಉಂಗುರ ತೆಗೆದು ನೋಡಿದಳು. "ನನಗ್ಯಾಕೆ ಇದು? ನಿಮ್ಮಜ್ಜ ಒಬ್ಬನ ಜೊತೆ ಏಗಿದ್ದೇ ಸಾಕಾಗಿದೆ."

ಆಕ್ರಾಯ್ಡ್ ಎದ್ದು ಕೋಟಿಗೆ ಕೈ ಹಾಕಿದರು.

"ಕೂತ್ಕೊಳ್ಳಿ," ಎಂದಳು ಅತ್ತೆ. ಈ ಸಲ ಅವಳು ನಗಲಿಲ್ಲ. "ಹತ್ತು ವರ್ಷದಿಂದ ಈ ಪುಡ್ಡಿಂಗ್ ನನಗೆ ಟೊಪ್ಪಿ ಹಾಕ್ತಿದೆ. ಜೊತೆಗೆ ನೀವೂ ಹಾಕ್ತಿದೀರಿ. ಇಲ್ಲಿಗೆ ಬರೋದು ನನಗೋಸ್ಕರಾನೋ, ಪುಡ್ಡಿಂಗಿಗೋಸ್ಕರಾನೋ?"

ಆಕ್ರಾಯ್ಡ್ ಸುಳ್ಳು ಹೇಳುವ ಜನವಲ್ಲ. "ಎರಡಕ್ಕೂ," ಎಂದರು. "ಆದ್ರೆ ಪುಡ್ಡಿಂಗು ಬೇಡ ಅಂತಿದೆಯಲ್ಲ, ಎನಿಡ್."

"ನಿಮ್ಮನ್ನ ಕಟ್ಕೊಳ್ಳೋದು ನಾನೋ, ಅದೋ?"

ಅವರು ಕೋಟು ಬಿಟ್ಟು ಕೂತರು. ಆಮೇಲೆ ಅಜ್ಜಿಯ ಕಡೆ ಕೈ ಚಾಚಿ, "ಅಮ್ಮಾ, ಅದು ನಿಮಗೆ ಬೇಡ ಅಂದ್ರಲ್ಲ," ಎಂದರು. ಅಜ್ಜಿ ಉಂಗುರವನ್ನು ಏಪ್ರನ್ನಿಗೆ ಒರೆಸಿ ಕೊಟ್ಟಳು.

ಉಂಗುರ ಅತ್ತೆಯ ಬೆರಳಿನ ಗೆಣ್ಣಿಗೆ ಬಂದು ನಿಂತಿತು. ಅಜ್ಜಿ ಬೆಣ್ಣೆಯ ಬಟ್ಟಲನ್ನು ಮುಂದೆ ತಳ್ಳಿದಳು. ಬೆಣ್ಣೆ ಸವರಿದರೂ ಹೋಗಲಿಲ್ಲ. ನೋವಾದೀತೆಂದು ಆಕ್ರಾಯ್ಡ್ ಕೈ ಬಿಟ್ಟರು.

"ತಳ್ರೀ," ಎಂದಳು ಅತ್ತೆ, ಕಣ್ಣಲ್ಲಿ ನೀರು. "ಹತ್ತು ವರ್ಷ ಕಾದಿದೀನಿ, ಬೆರಳು ನೋಯೋದೇನು ಮಹಾ."