ಹದಿನೆಂಟು ಸೆಕೆಂಡು

ಕಚೇರಿಯಲ್ಲಿ ಅವನನ್ನು ಎಲ್ಲರೂ ಸೆಕೆಂಡಪ್ಪ ಎಂದೇ ಕರೆಯುತ್ತಿದ್ದರು. ಯಾವ ಸಿಗ್ನಲ್‌ನಲ್ಲಿ ಎಷ್ಟು ಹೊತ್ತು ಕೆಂಪು, ಎಷ್ಟು ಹೊತ್ತು ಹಸಿರು ಎಂದು ಗೊತ್ತುಮಾಡುವುದು ಅವನ ಕೆಲಸ. ಮನೆಯೆದುರಿನ ರಸ್ತೆಯನ್ನು ಆರು ಸಾಲು ಗಾಡಿ ಓಡುವಷ್ಟು ಅಗಲ ಮಾಡಿದಾಗ, ದಾಟುವವರಿಗೆ ಹದಿನೆಂಟು ಸೆಕೆಂಡು ಕೊಟ್ಟವನೂ ಅವನೇ. ಸುಮ್ಮನೆ ಕೂತು ಬರೆದದ್ದಲ್ಲ. ಸ್ಟಾಪ್‌ವಾಚ್ ಹಿಡಿದು ತಾನೇ ಮೂರು ಸಲ ದಾಟಿ ನೋಡಿದ್ದ. ಮೂರು ಸಲವೂ ಎರಡು ಸೆಕೆಂಡು ಉಳಿದಿತ್ತು. ನಲವತ್ತರ ಗಟ್ಟಿ ಕಾಲು, ಉಳಿಯದೆ ಏನು?

ಅಮ್ಮನಿಗಂತೂ ಹೇಳತೀರದ ಹೆಮ್ಮೆ. ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ, "ಆ ದೀಪ ನಮ್ಮ ಹುಡುಗ ಹೇಳಿದ ಹಾಗೆ ಕೇಳುತ್ತೆ" ಎನ್ನುತ್ತಿದ್ದಳು.

ರಸ್ತೆಯ ಆಚೆ ಬದಿ, ಎರಡನೇ ಮಹಡಿಯಲ್ಲಿ ದೊಡ್ಡಮ್ಮ, ಅಮ್ಮನ ಒಬ್ಬಳೇ ಅಕ್ಕ, ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಫೋನ್ ಮಾಡೋಣವೆಂದರೆ ಕಿವಿ ಪೂರಾ ಮಂದ. ಸಂಜೆ ಮನೆಗೆ ಬಂದೊಡನೆ ಅವನು, "ದೊಡ್ಡಮ್ಮನ್ನ ನೋಡ್ಕೊಂಡು ಬಂದ್ಯಾ?" ಎಂದು ಕೇಳುತ್ತಿದ್ದ.

"ಹೂಂ, ಹೋಗಿದ್ದೆ. ಹಾಗೇ ಇದಾಳೆ" ಎನ್ನುತ್ತಿದ್ದಳು ಅಮ್ಮ.

ಅವನು ಷೂ ಕಳಚಿ ಕೂತುಬಿಡುತ್ತಿದ್ದ. ಎದುರಿಗೇ ಇರುವ ಮನೆ, ನಾಳೆ ಹೋದರಾಯಿತು ಎಂದು ಎರಡು ತಿಂಗಳು ಕಳೆದವನಿಗೆ ಏನು ಹೇಳೋಣ!

ಒಂದು ಬೆಳಿಗ್ಗೆ ದೊಡ್ಡಮ್ಮನ ಮಗಳು ಫೋನ್ ಮಾಡಿದಳು. "ಅಮ್ಮ ಹೋಗ್ಬಿಟ್ಳು ಕಣೋ. ಚಿಕ್ಕಮ್ಮನ್ನ ಕರ್ಕೊಂಡು ಬಾ."

ಅಮ್ಮನ ಕೈಹಿಡಿದು ಸಿಗ್ನಲ್ ಬಳಿ ಬಂದ. ಹಸಿರು ಬಿತ್ತು. ಅಮ್ಮ ಕೆಳಗಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಬಾಮ್ಮ, ಹಸಿರಿದೆ."

"ಆಗಲ್ಲಪ್ಪ. ದಿನಾ ಇಲ್ಲಿವರೆಗೂ ಬರ್ತೀನಿ. ಅರ್ಧ ಹೋಗೋದ್ರೊಳಗೆ ನಂಬರ್ ಮುಗಿದುಹೋಗುತ್ತೆ, ಗಾಡಿಗಳು ಮೈಮೇಲೇ ಬರ್ತವೆ. ಒಂದು ಸಲ ಬೀಳೋ ಹಾಗಾಯ್ತು. ಆಮೇಲೆ ಇಲ್ಲೇ ನಿಂತು ವಾಪಸ್ ಹೋಗ್ತೀನಿ."

"ಹೋಗಿದ್ದೆ, ಹೋಗಿದ್ದೆ ಅಂತಿದ್ಯಲ್ಲ?"

"ಮತ್ತೇನು ಹೇಳ್ಲಿ? ನೀನು ಹಾಕಿರೋ ದೀಪ. ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ."

ಮುಂದಿನ ಹಸಿರಿಗೆ ಅವನು ಅವಳ ಹೆಜ್ಜೆಗೆ ಹೆಜ್ಜೆ ಸೇರಿಸಿ ಇಳಿದ. ನಡುವಿನ ಕಟ್ಟೆ ತಲುಪುವಷ್ಟರಲ್ಲಿ ಹದಿನೆಂಟೂ ಮುಗಿದವು. ಎರಡಡಿ ಅಗಲದ ಆ ಕಟ್ಟೆಯ ಮೇಲೆ ತಾಯಿ ಮಗ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತರು. ಬಸ್ಸುಗಳ ರಭಸಕ್ಕೆ ಅಮ್ಮನ ಬಿಳಿಗೂದಲು ಕೆದರಿಹೋಯಿತು. ಮತ್ತೆ ಹಸಿರಿಗೆ ನೂರ ಹತ್ತು ಸೆಕೆಂಡು ಕಾಯಬೇಕು; ಅದನ್ನೂ ಹಾಕಿದವನು ಅವನೇ. ನೂರ ಹತ್ತು ಎಂದರೆ ಎಷ್ಟು ಹೊತ್ತು ಎಂಬುದು ಅವತ್ತು ಗೊತ್ತಾಯಿತು.

ದೊಡ್ಡಮ್ಮನ ಹಾಸಿಗೆಯನ್ನು ಕಿಟಕಿಗೆ ಒತ್ತಿ ಹಾಕಿದ್ದರು. ಅಮ್ಮ ಅಕ್ಕನ ತಣ್ಣನೆಯ ಕೈಯನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. "ನಾನು ಬರ್ಲೇ ಇಲ್ಲ ಅಂತ ಬೇಜಾರು ಮಾಡ್ಕೊಂಡ್ಳೇನೇ?" ಎಂದು ಅಕ್ಕನ ಮಗಳನ್ನು ಕೇಳಿದಳು.

"ಇಲ್ಲ ಚಿಕ್ಕಮ್ಮ. ಹಾಸಿಗೆ ಇಲ್ಲಿ ಹಾಕಿಸ್ಕೊಂಡಿದ್ದೇ ಅದಕ್ಕೆ. ನೀವು ಬಂದು ನಿಲ್ಲೋದು, ವಾಪಸ್ ಹೋಗೋದು, ಎಲ್ಲಾ ನೋಡೋಳು. 'ಇವತ್ತೂ ಬಂದಿದ್ಳು ನೋಡೇ' ಅನ್ನೋಳು. ಕರ್ಕೊಂಡು ಬರ್ತೀನಿ ಅಂದ್ರೆ, 'ಬೇಡ, ಬಿದ್ದಾಳು' ಅಂತ ಬಿಡ್ಲಿಲ್ಲ. ಇವನಿಗಾದ್ರೂ ಹೇಳ್ತೀನಿ ಅಂದೆ." ಅವಳು ತಮ್ಮನ ಮುಖ ನೋಡಲಿಲ್ಲ. "'ಸುಮ್ನಿರು, ಪಾಪ, ಅವನು ಹಾಕಿರೋ ದೀಪ. ನೊಂದ್ಕೋತಾನೆ' ಅಂದ್ಬಿಟ್ಳು."

ಅವನು ಕಿಟಕಿಗೆ ಹಣೆ ಹಚ್ಚಿ ನಿಂತ. ಕೆಳಗೆ ಮತ್ತೆ ಹಸಿರು ಬಿದ್ದಿತ್ತು, ಜನ ಓಡುತ್ತಿದ್ದರು. ಅವನಿಗೆ ಅಳು ತಡೆಯಲಾಗಲಿಲ್ಲ. ಅಮ್ಮ ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟಳು.

"ಅಳಬೇಡ್ವೋ. ನೀನು ಸರಿಯಾಗೇ ಹಾಕಿದೀಯ," ಎಂದಳು. "ನನ್ನ ಕಾಲೇ ನಿಧಾನ."