ಅಣ್ಣನ ಕೋಣೆಯ ಹಳೆಯ ಸರಪಳಿ

ನಮ್ಮ ಬೀದಿಯ ಮಾಳಿಗೆಗಳ ಮೇಲಿನ ಸೋಲಾರ್ ವಿದ್ಯುತ್ತನ್ನು ಹಂಚಿಕೊಳ್ಳುವ ಕೂಟಕ್ಕೆ ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ. ಯಾರಿಗೆ ಎಷ್ಟು ಪಾಲು ಎಂಬುದು ಪುಟಕ್ಕೆ ಪುಟ ಪೋಣಿಸಿದ ಲೆಕ್ಕದ ಸರಪಳಿಯಲ್ಲಿ, ಎಂದರೆ ಬ್ಲಾಕ್‌ಚೈನ್‌ನಲ್ಲಿ ದಾಖಲಾಗಿದೆ. ಅದರ ನಕಲು ಎಲ್ಲರ ಮನೆಯ ಕಂಪ್ಯೂಟರಿನಲ್ಲೂ ಇರುವುದರಿಂದ ಯಾರೊಬ್ಬರೂ ಅದನ್ನು ತಿದ್ದಲಾರರು. ಇದನ್ನು ಕಟ್ಟಿದವನು ನನ್ನ ಅಣ್ಣ. ‘ಬರೆದದ್ದು ಬರೆದದ್ದೇ’ ಎನ್ನುವುದು ಅವನ ಸಂವಿಧಾನದ ಮೊದಲ ಸಾಲು, ಬಹುಶಃ ಕೊನೆಯದೂ.

ಸಭೆಗೆ ಬರಲು ಪುರುಸೊತ್ತಿಲ್ಲದವರು ತಮ್ಮ ಮತವನ್ನು ಬೇರೆಯವರ ಕೈಗೆ ಒಪ್ಪಿಸಬಹುದು. ಹನ್ನೊಂದು ಮನೆಯವರು ನನಗೆ ಒಪ್ಪಿಸಿದ್ದರು. “ನೀನು ಯಾರ ತಂಟೆಗೂ ಹೋಗೋಳಲ್ಲ ಕಣಮ್ಮ,” ಎಂದು ಬೀಗ ರಿಪೇರಿಯವರು ಕಾರಣ ಹೇಳಿದ್ದರು. ನಾನು ಗೋಡೆಗೆ ಒರಗಿ ಕೂತು, ಹೆಚ್ಚು ಜನ ಯಾವ ಕಡೆಗಿದ್ದರೋ ಆ ಕಡೆಗೇ ಎಲ್ಲವನ್ನೂ ಹಾಕುತ್ತಿದ್ದೆ.

ಅಪ್ಪನ ಅಕ್ಕ, ನಮ್ಮ ಅತ್ತೆ, ಬೀದಿಯ ಕೊನೆಯಲ್ಲಿ ಲಾಂಡ್ರಿ ಇಟ್ಟಿದ್ದಾಳೆ. ಫೋನು ಬದಲಿಸಿದಾಗ ತನ್ನ ಪಾಲನ್ನು ಹೊಸ ಫೋನಿಗೆ ವರ್ಗಾಯಿಸಲು ಹೊರಟಳು. ಅಣ್ಣ ಬರೆದ ಕೈಪಿಡಿಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಉದಾಹರಣೆಗೆಂದು ಕೊಟ್ಟಿದ್ದ ಖಾತೆಯ ವಿಳಾಸವನ್ನೇ ಒಂದಕ್ಷರ ತಪ್ಪಿಲ್ಲದೆ ಒತ್ತಿದಳು. ಆ ವಿಳಾಸ ಯಾರದೂ ಅಲ್ಲ. ಪಾಲೆಲ್ಲ ಅಲ್ಲಿಗೆ ಹೋಯಿತು, ಲಾಂಡ್ರಿಯ ಯಂತ್ರಗಳು ನಿಂತವು. ಹೊರಗಿನ ಕರೆಂಟಿನ ದರದಲ್ಲಿ ಅಂಗಡಿ ನಡೆಯುವಂತಿರಲಿಲ್ಲ. ಬಾಗಿಲು ಹಾಕುವುದೊಂದೇ ದಾರಿ.

ಬೀದಿಯ ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಆ ವರ್ಗಾವಣೆಯ ಹಿಂದಿನ ಪುಟಕ್ಕೆ ಹೋಗಿ, ಅಲ್ಲಿಂದ ಹೊಸ ಸರಪಳಿ ಶುರು ಮಾಡಬೇಕೆಂಬುದು ಪ್ರಸ್ತಾಪ.

“ಇವತ್ತು ಅತ್ತೆಗೋಸ್ಕರ ಅಳಿಸಿದ್ರೆ, ನಾಳೆ ಗುಂಪು ಕಟ್ಕೊಂಡು ಬಂದೋರಿಗೆಲ್ಲ ಅಳಿಸಬೇಕಾಗುತ್ತೆ,” ಎಂದ ಅಣ್ಣ. “ಆಮೇಲೆ ನಮಗೂ ಪುಢಾರಿಗಳಿಗೂ ಏನು ವ್ಯತ್ಯಾಸ?”

“ಲೋ, ನಿನ್ನ ಪುಸ್ತಕ ನೋಡ್ಕೊಂಡೇ ಕಣೋ ನಾನು ಒತ್ತಿದ್ದು!”

“ಉದಾಹರಣೆ ಅಂತ ಮೇಲೆ ಬರೆದಿದ್ದೆ, ಅತ್ತೆ.”

“ಬರೆದಿದ್ದೆ. ಇರುವೆ ಕಾಲಿನಷ್ಟು ಅಕ್ಷರದಲ್ಲಿ.”

ಎಲ್ಲರೂ ನಕ್ಕರು. “ಕಾನೂನು ಇರೋದು ಜನಕ್ಕೋ, ಜನ ಇರೋದು ಕಾನೂನಿಗೋ?” ಎಂದು ಪ್ರೆಸ್ಸಿನ ಯಜಮಾನರು ಕೇಳಿದರು. ಕೇಳುವುದಷ್ಟೇ ಅವರ ಅಭ್ಯಾಸ, ಉತ್ತರಕ್ಕೆ ಕಾಯುವುದಲ್ಲ.

ಗೋಡೆಯ ಪರದೆಯ ಮೇಲೆ ಎರಡೂ ಕಡೆಯ ಮತ ಸಮಸಮ ನಿಂತಿತು. ಹೆಚ್ಚು ಜನ ಇರುವ ಕಡೆ ಎಂಬುದೇ ಇರಲಿಲ್ಲ. ನಾನು ಮತ ಹಾಕದಿದ್ದರೆ ಪ್ರಸ್ತಾಪ ಬಿದ್ದಂತೆ. ತಲೆಗಳೆಲ್ಲ ನಾನು ಒರಗಿದ್ದ ಗೋಡೆಯ ಕಡೆ ತಿರುಗಿದವು.

“ನಿಧಾನವಾಗಿ ಯೋಚಿಸು, ಪುಟ್ಟಿ. ನಾನೇನೂ ಹೇಳಲ್ಲ,” ಎಂದ ಅಣ್ಣ. ಅದೇ ಹೇಳಿದಂತಾಯಿತು.

ಅತ್ತೆ ನನ್ನತ್ತ ನೋಡಲಿಲ್ಲ. ಕೈಗೆ ಇಸ್ತ್ರಿಪೆಟ್ಟಿಗೆ ತಗುಲಿ ಆದ ಹಳೆಯ ಸುಟ್ಟ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದಳು. ನಾನು ಅತ್ತೆಯ ಕಡೆಗೆ ಒತ್ತಿದೆ.

ಆ ವಾರವೇ ಹನ್ನೊಂದರಲ್ಲಿ ಹೆಚ್ಚಿನವರು ಮತವನ್ನು ನನ್ನಿಂದ ಹಿಂದಕ್ಕೆ ಪಡೆದರು. “ನೀನು ಮಾಡಿದ್ದು ಸರೀನೇಮ್ಮ. ಆದ್ರೂ ಒಂದು ಕಡೆ ಸೇರ್ಕೊಂಡ್ಬಿಟ್ಟೆ...” ಎಂದು ಬೀಗ ರಿಪೇರಿಯವರು ಚೀಲದೊಳಗೆ ಏನನ್ನೋ ಹುಡುಕತೊಡಗಿದರು.

ಒಪ್ಪದವರು ಹಳೆಯ ಸರಪಳಿಯನ್ನೇ ಮುಂದುವರಿಸಬಹುದೆಂದು ನಿಯಮವಿದೆ. ಅಣ್ಣನ ಕಡೆಯವರೆಲ್ಲ ಒಬ್ಬೊಬ್ಬರಾಗಿ ಹೊಸದಕ್ಕೆ ಬಂದರು. ಬೀದಿಯ ತಂತಿಗಳಲ್ಲಿ ಕರೆಂಟು ಹರಿಯುವುದು ಈಗ ಹೊಸ ಸರಪಳಿಯ ಮಾತಿನಂತೆ; ಲಾಂಡ್ರಿಯ ಯಂತ್ರಗಳೂ ಮತ್ತೆ ತಿರುಗುತ್ತಿವೆ. ಅಣ್ಣನೊಬ್ಬ ಬರಲಿಲ್ಲ. ಅವನ ಕೋಣೆಯ ಕಂಪ್ಯೂಟರು ಹಳೆಯ ಸರಪಳಿಗೆ ಪುಟದ ಮೇಲೆ ಪುಟ ಸೇರಿಸುತ್ತಲೇ ಇದೆ. ಅದರ ಪ್ರಕಾರ ಅತ್ತೆಯ ಪಾಲು ಇವತ್ತಿಗೂ ಹೋದದ್ದೇ.

ನಿನ್ನೆ ಸಂಜೆ ಅತ್ತೆ ಅವನ ಅಂಗಿಗಳನ್ನು ತಂದುಕೊಟ್ಟಳು.

“ತಗೊಳ್ಳಪ್ಪ. ನಿನ್ನ ಲೆಕ್ಕದಲ್ಲಿ ನನ್ನ ಅಂಗಡೀಲಿ ಕರೆಂಟೇ ಇಲ್ಲವಲ್ಲ, ಇದಕ್ಕೆ ಇಸ್ತ್ರಿ ಮಾಡಿದ್ದು ಯಾರು, ನಿನ್ನ ಕಂಪ್ಯೂಟರಾ?”

ಅಣ್ಣ ಅಂಗಿಗಳನ್ನು ತೆಗೆದುಕೊಂಡ. ಮೇಲಿನದು ಇನ್ನೂ ಬೆಚ್ಚಗಿತ್ತು. ಅದನ್ನೇ ತೊಟ್ಟುಕೊಂಡು ಕೋಣೆಗೆ ಹೋದ. ನಾನು ಬಾಗಿಲಲ್ಲಿ ಇಣುಕಿದೆ. ತನ್ನೊಬ್ಬನ ಸರಪಳಿಯ ಕೈಪಿಡಿಯನ್ನು ತೆರೆದು, ‘ಉದಾಹರಣೆ’ ಎಂಬ ಪದವನ್ನು ದೊಡ್ಡದು ಮಾಡುತ್ತಿದ್ದ.